ಮೂರನೆಯ ಬ್ಯಾಟರಿ

ಅಸ್ಕೊತಾನಿನ ಉಪ್ಪುಬಯಲಿಗೆ ಬಿಸಿಲು ಓರೆಯಾಗುವ ಹೊತ್ತು.
ಜೀಪಿನ ಬಾನೆಟ್ಟಿಗೆ ಕಂಬಳಿ ಹಾಸಿ
ನಯಾರೆತ್ ತನ್ನ ಡ್ರೋನನ್ನು ಕೂರಿಸಿದಳು.
ನನ್ನ ತಂಗಿಯ ಮೊಮ್ಮಗಳು. ಇಪ್ಪತ್ತೆರಡು.

ಇಲ್ಲಿನ ಗಾಳಿ ಒಗೆದು ಒಗೆದು ಸವೆದ ಅಂಗಿ,
ರೆಕ್ಕೆಗಳಿಗೆ ಹಿಡಿತವೇ ಸಿಗುವುದಿಲ್ಲ ಎನ್ನುತ್ತಾಳೆ.
ಮೂವತ್ತೊಂದು ವರ್ಷ ನನ್ನ ಎದೆಗೂ ಸಿಗಲಿಲ್ಲ.
ಹೇಳಲಿಲ್ಲ.

ಚಳಿಗೆ ಬ್ಯಾಟರಿ ಸಾಯುತ್ತವಂತೆ.
ಒಂದು ಡ್ರೋನಿನಲ್ಲಿ, ಒಂದು ಅವಳ ಅಂಗಿಯೊಳಗೆ,
ಮೂರನೆಯದು ನನ್ನ ಕಂಕುಳಲ್ಲಿ.
ಕಾವಿಗೆ ಕೂತ ಕೋಳಿಯ ಹಾಗೆ
ಅಲ್ಲಾಡದೆ ಕೂತೆ.

“ರೈಲು ಎಷ್ಟು ಹೊತ್ತಿಗೆ, ಅಜ್ಜಾ?”
ಗೂಡ್ಸಿಗೆ ಎಲ್ಲಿಯ ವೇಳಾಪಟ್ಟಿ, ಮಗಳೇ.
ಬಂದಾಗ ಬಂತು.
ಆದರೂ ಮಂಡಿಯೂರಿ (ಎಡದ್ದು ಲಟಕ್ ಎಂದಿತು)
ಹಳಿಯ ಮೇಲೆ ಅಂಗೈ ಇಟ್ಟು,
ಕಣ್ಣು ಮುಚ್ಚಿ, ವೈದ್ಯರ ಗತ್ತಿನಲ್ಲಿ ಹೇಳಿದೆ:
“ಹತ್ತು ನಿಮಿಷ. ಎರಡು ಎಂಜಿನ್. ಭಾರ ಇದೆ.”
ಅವಳ ಕಣ್ಣು ಇಷ್ಟಗಲ.
ನಿಜ ಹೇಳಬೇಕೆಂದರೆ ಹಳಿ ಏನೂ ಹೇಳಲಿಲ್ಲ.
ಆಚೆ ದಿಬ್ಬದ ವಿಕುನ್ಯಾಗಳು
ಹುಲ್ಲು ಬಿಟ್ಟು ತಲೆಯೆತ್ತಿದ್ದವು, ಅಷ್ಟೆ.

ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯಂತೆ ಗುಂಯ್ಗುಟ್ಟುತ್ತ
ಮೇಲೇರಿತು ಅದು.
ಕೊಕ್ಕರೆಗಳ ಕೊಳ ತಪ್ಪಿಸಿ, ಎಡಕ್ಕೆ ವಾಲಿ.
ಪುಟ್ಟ ಪರದೆಯಲ್ಲಿ
ನನ್ನ ಪಾಲಿನ ಹನ್ನೆರಡು ಕಿಲೋಮೀಟರು.

ಸುತ್ತಿಗೆ ಹೊತ್ತು ದಿನವೂ ತುಳಿದ ದಾರಿ.
ಒಂದೊಂದೇ ಸ್ಲೀಪರಿಗೆ ಹೆಜ್ಜೆ ಗಿಡ್ಡ,
ಎರಡೆರಡಕ್ಕೆ ಉದ್ದ,
ಹಳಿ ಕಾಯುವವರ ಕುಂಟು ಹುಟ್ಟುವುದು ಅಲ್ಲೇ.
ತಿರುವು ಎಂದರೆ ನನಗೆ
ಹೊರಗಿನ ಹಳಿ ಬೇಗ ಸವೆಯುವ ಜಾಗ.
ಅದು ಹೀಗಿದೆಯೇ?
ನಿದ್ದೆಯಲ್ಲಿ ಮಗ್ಗುಲು ಬದಲಿಸಿದವಳ ಬೆನ್ನಿನ ಹಾಗೆ,
ಸಾನ್ ಪೆದ್ರೊ ಬೆಟ್ಟದ ಕಾಲಬುಡದಲ್ಲಿ,
ಯಾರೂ ನೋಡದೆ,
ಇಷ್ಟು ವರ್ಷ?

ಬಂತು.
ಗಡಿಯಾಚೆಯ ಅದಿರು, ಟಾರ್ಪಾಲಿನಡಿ.
ಇಪ್ಪತ್ತಾರು ವ್ಯಾಗನ್ನು, ಬಾಯಿ ತಾನಾಗಿ ಎಣಿಸಿತು.
ಉಪ್ಪಿನ ಮೇಲೆ ಉದ್ದದ ನೆರಳು,
ನೆರಳಿಗೂ ಇಪ್ಪತ್ತಾರು ವ್ಯಾಗನ್ನು.
ಕಿಟಕಿಯಿಂದ ಡ್ರೈವರು ಚಹದ ಚರಟ ಚೆಲ್ಲಿದ.
“ಸಿಕ್ಕಿತು, ಸಿಕ್ಕಿತು!” ಎಂದಳು, ಚರಟವೂ ಸೇರಿ.
ಹಳಿಯ ಪಕ್ಕ ಒಂದು ಚುಕ್ಕೆ.
ಬಿದ್ದ ಮೊಳೆ ಇರಬೇಕು ಅಂದುಕೊಂಡೆ.
ಟೋಪಿ.
ನಾನು.

ಎರಡನೆಯ ಬ್ಯಾಟರಿಯೂ ಕೀ ಕೀ ಎಂದಿತು. ಇಳಿಸಿ,
ಕಂಬಳಿ ಮಡಿಸತೊಡಗಿದಳು.
“ಇದೊಂದು ಇದೆಯಲ್ಲ,” ಎಂದೆ,
ಬೆಚ್ಚಗಿದ್ದುದನ್ನು ಕೈಗಿಟ್ಟು.
“ರೈಲು ಹೋಯಿತು, ಅಜ್ಜಾ.”
“ಹೋಯಿತು. ಹಳಿ ಇದೆ.”

ಮೊಣಕಾಲೆತ್ತರದಲ್ಲಿ ಹಾರಿಸಿದಳು, ನಡೆಯುವ ವೇಗಕ್ಕೆ.
ನಿಧಾನ, ಅಂದೆ. ಇನ್ನೂ ನಿಧಾನ.
ಅವಳು ಆಕಳಿಸಿದಳು.
ಜೋಡಣೆ, ಜೋಡಣೆ, ಜೋಡಣೆ,
ನಿಲ್ಲಿಸು.
ನಾಲ್ಕು ಬೋಲ್ಟಿರಬೇಕಾದಲ್ಲಿ ಮೂರು.
ನಾಲ್ಕನೆಯ ತೂತಿನಲ್ಲಿ
ಸಂಜೆಯ ಕೆಂಪು ಒಂದು ಕಾಳಿನಷ್ಟು.

ಸಿಗ್ನಲ್ ಸಿಗುವ ಏರಿಗೆ ಬಂದು ಕಚೇರಿಗೆ ಫೋನು ಮಾಡಿದೆ.
“ಯುಫ್ಲಾ? ಯಾವ ಯುಫ್ಲಾ?”
ಎಲೆಯೊದೊರೊ. ಅಸ್ಕೊತಾನಿನವನು.
ಎಳೆ ದನಿ ಕಾಗದ ತಿರುವಿತು.
“ಅದು ನಮಗೆ ಗೊತ್ತು, ತಾತಾ. ಮಂಗಳವಾರ ಹಾಕ್ತೀವಿ.”
ಅಂದು ಬುಧವಾರ.

ಕಲಾಮಾದವರೆಗೆ ಅವಳು ಒಂದೇ ಚಿತ್ರ
ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದಳು:
ಬೆಟ್ಟ, ತಿರುವು, ನೆರಳು, ಚರಟ.
ನಾನು ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದೆ.
ಊರಿನ ದೀಪ ಕಂಡಾಗಷ್ಟೆ ತಿಳಿಯಿತು,
ಇನ್ನೊಂದನ್ನು ಪಕ್ಕೆಗೆ ಒತ್ತಿಕೊಂಡೇ ಬಂದಿದ್ದೇನೆ,
ಖಾಲಿ ಕಂಕುಳಿಗೆ
ಕಾವು ಕೊಡುತ್ತ.