ಅಲ್ಪವಿರಾಮ

ರಾತ್ರಿ ಹನ್ನೊಂದೂವರೆಗೆ ಕೊನೆಯ ಟ್ಯಾಂಕರು ಒಳಗೆ ಬಂದು
ತೂಕ ಬರೆಸಿ, ಹೊಟ್ಟೆ ಬರಿದು ಮಾಡಿಕೊಂಡು ನಿಂತಿತು.
ಇನ್ನು ಐದೂವರೆ ಗಂಟೆ ನನ್ನದು,
ಸಾವಿರ ಊರಿನ ಕ್ಯಾನುಗಳು ಬೆಳಗಿನ ಐದಕ್ಕೆ
ಮತ್ತೆ ಬಾಯಿ ತೆರೆಯುವ ತನಕ.

ಮಂಡ್ಯದ ಹೆದ್ದಾರಿಯ ಲಾರಿಗಳು ಗೋಡೆಯಾಚೆ.
ಈಚೆ, ಏಸಿಯ ಚಳಿಗೆ ಶಾಲು ಹೊದ್ದ ನಾನು,
ಮಂಕಿ ಟೋಪಿಯ ಕಾವಲಿನ ಜವರಯ್ಯ,
ಕಬ್ಬಿಣದ ಬೀರುವಿನೊಳಗೆ ಒಂದೇ ಸಮನೆ
ಉಸಿರುಬಿಡುವ ಸರ್ವರು.

"ಏನವ್ವಾ ಮಾಡೀಯೆ ಈಟೊತ್ನಲ್ಲಿ?"
ಹೊಸ ಲೆಕ್ಕ ಕೂರಿಸಬೇಕು ಜವರಯ್ಯ.
"ಕೂರ್ಸದು ಅಂದ್ರೆ?"
ಹೆಪ್ಪು ಹಾಕಿದ ಹಾಗೆ, ಅಂದೆ.
ಹಾಲು ಸುಡುತ್ತಿದ್ದರೆ ಒಡೆಯುತ್ತದೆ, ತಣ್ಣಗಿದ್ದರೆ ಹಿಡಿಯುವುದಿಲ್ಲ,
ಹಾಕಿದ ಮೇಲೆ ಅಲುಗಿಸಬಾರದು.
"ಅದ್ಕೆ ಹಳೇ ಮೊಸ್ರು ಬೇಕಲ್ವಾ?" ಅಂದ.
ನಾನಾಗಲೇ ಪರದೆಯ ಕಡೆ ತಿರುಗಿದ್ದೆ.

ಕೆಳಗಿನದು ಮೊದಲು, ಮೇಲಿನದು ಆಮೇಲೆ:
ತೂಕದ ಕಂತೆ, ಕೊಬ್ಬಿನ ಕಂತೆ, ದರದ ಕಂತೆ,
ಕಟ್ಟಕಡೆಗೆ ಚೀಟಿ ಮುದ್ರಿಸುವ ಕಂತೆ.
ಗಾಡಿಗೆ ಕಬ್ಬು ಹೇರುವವರು
ಬುಡ ಯಾವ ಕಡೆ, ಸೋಗೆ ಯಾವ ಕಡೆ ನೋಡುವಂತೆ
ನೋಡಿ ನೋಡಿ ಏರಿಸಿದೆ.
ಜಾರ್ ಅನ್ನುತ್ತೇವೆ ಈ ಕಂತೆಗೆ, ಜಾಡಿ ಅಂತ ಅರ್ಥ.
ನನ್ನ ಕಿವಿಗೆ ಮಾತ್ರ ಯಾವಾಗಲೂ
'ಜಾರು' ಅಂತಲೇ ಕೇಳಿಸುತ್ತದೆ.

ಅಟ್ಟದ ಮೂಲೆಯಲ್ಲಿ ಒಂದು ಹಳೆಯದು ಕಂಡಿತು.
ಹದಿನಾಲ್ಕು ವರ್ಷದಿಂದ ಯಾರೂ ಮುಚ್ಚಳ ತೆಗೆದಿಲ್ಲ.
ಹೆಸರಿನಲ್ಲೇ ಬರೆದಿತ್ತು: ತೆಗೆಯಬೇಡಿ, ಸಣ್ಣಸ್ವಾಮಿ.
ಸಣ್ಣಸ್ವಾಮಿ ನಿವೃತ್ತರಾಗಿ ಆರು ವರ್ಷ.
ಯಾಕೆ ಬೇಡ ಅಂತ ಬರೆದಿರಲಿಲ್ಲ.

ತೆಗೆದೆ.

ಎರಡೂ ಇಪ್ಪತ್ತಕ್ಕೆ ಎಲ್ಲ ದೀಪ ಹಸಿರು.
ಜವರಯ್ಯ ಫ್ಲಾಸ್ಕಿನಿಂದ ಟೀ ಬಗ್ಗಿಸಿದ.
ಮೇಜಿನ ಮೇಲೆ ತಲೆಯಿಟ್ಟು ಒಂದಿಷ್ಟು ನಿದ್ದೆ ಕೂಡ ಮಾಡಿದೆ.

ಐದೂ ಹತ್ತಕ್ಕೆ ಫೋನು. ಮಾಕನಕೊಪ್ಪಲು ಡೈರಿ.
ಕಾರ್ಯದರ್ಶಿ ಚೆನ್ನಾಜಮ್ಮನ ದನಿ, ಹಿಂದೆ ಕ್ಯಾನುಗಳ ಸದ್ದು,
ಯಾರದೋ ಕೆಮ್ಮು, ಎಲ್ಲೋ ಒಂದು ಕರು:
"ಎಲ್ರ ಹಾಲ್ಗೂ ಕೊಬ್ಬು ಸೊನ್ನೆ ತೋರ್ಸ್ತದೆ ಕಣವ್ವ.
ಸೊನ್ನೆ ಅಂದ್ರೆ ಬರೀ ನೀರು ಅಂತ ತಾನೆ?
ನನ್ನ ಕಳ್ಳಿ ಅಂದ್ರಾ ಅಂತ
ನಿಂಗಿ ಕ್ಯಾನ್ ಎತ್ಕೊಂಡು ಬಾಗಿಲಿಗೆ ಅಡ್ಡ ನಿಂತವ್ಳೆ."

ಸಾವಿರದಲ್ಲಿ ಒಂದು ಊರು.
ಹಸಿರು ದೀಪ ಹಸಿರಾಗಿಯೇ ಇತ್ತು.

ಸಣ್ಣಸ್ವಾಮಿಯವರ ನಂಬರು
ಹಳೇ ಕ್ಯಾಲೆಂಡರಿನ ಬೆನ್ನಿನಲ್ಲಿ ಸಿಕ್ಕಿತು.
ಮೊದಲ ರಿಂಗಿಗೇ ಎತ್ತಿದರು.
"ಮಾಕನಕೊಪ್ಪಲಾ?" ಅಂದರು,
ನಾನಿನ್ನೂ ನನ್ನ ಹೆಸರು ಹೇಳಿರಲಿಲ್ಲ.

"ಅಲ್ಲಿನ ಮಿಷನ್ನು ಹೊರದೇಶದ್ದು ತಾಯಿ, ದಾನವಾಗಿ ಬಂದದ್ದು.
ಅದಕ್ಕೆ ಚುಕ್ಕೆ ಇಡೋದು ಗೊತ್ತಿಲ್ಲ.
ನಾಲ್ಕು, ಅಲ್ಪವಿರಾಮ, ಎರಡು, ಅನ್ನುತ್ತೆ.
ಅದನ್ನ ಕೇಳಿಸಿಕೊಳ್ಳೋಕೆ ಒಂದು ಕಿವಿ ಬೇಕಿತ್ತು.
ಬರೆದು ಮಡಗಬೇಕಿತ್ತು ನಾನು. ಆ ಹೊತ್ತಲ್ಲೂ
ಫೋನು ಹೊಡ್ಕೋತಿತ್ತು."

ಹಳೆಯ ಜಾಡಿ ಅಟ್ಟಕ್ಕೆ ಮರಳಿತು.
ಆದರೆ ಅದನ್ನು ಕಾಣಿಸಲು ಸರ್ವರನ್ನು ಒಮ್ಮೆ
ಮಲಗಿಸಿ ಎಬ್ಬಿಸಬೇಕು.
ಐದೂ ಇಪ್ಪತ್ತಾರು. ಜಿಲ್ಲೆಗೆ ಜಿಲ್ಲೆಯೇ ಹಾಲು ಅಳೆಯುವ ಹೊತ್ತು.

ತೊಂಬತ್ತು ಸೆಕೆಂಡು.
ಮಳವಳ್ಳಿಯಲ್ಲಿ, ಮದ್ದೂರಿನಲ್ಲಿ, ಪಾಂಡವಪುರದಲ್ಲಿ
ಕ್ಯಾನಿನ ಮೇಲೆ ಬಗ್ಗಿದ ಕೈ ಬಗ್ಗಿದಲ್ಲೇ ನಿಂತಿತು,
ಪ್ರಿಂಟರು ಅರ್ಧ ನಾಲಿಗೆ ಚಾಚಿಕೊಂಡು ನಿಂತಿತು,
ಹಾಲಿನ ಮೇಲಿನ ನೊರೆ
ಒಂದೊಂದೇ ಗುಳ್ಳೆಯಾಗಿ ಇಳಿಯಿತು.
ಜವರಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ಯಾಕೋ.

ಸರ್ವರು ಕೆಮ್ಮಿ ಎದ್ದಿತು.

ಹಳೆಯ ಹೆಸರಿನ ಕೆಳಗೆ ಕಾರಣ ಬರೆದೆ,
ಮಾಕನಕೊಪ್ಪಲಿನ ಮಿಷನ್ನು, ಅದರ ಅಲ್ಪವಿರಾಮ, ತಾರೀಖು.
ನನ್ನ ಹೆಸರು ಬರೆಯಲು ಹೋಗಿ
ಸ್ವಲ್ಪ ಹೊತ್ತು ಕೂತೆ.

ಆರಕ್ಕೆ ಚೆನ್ನಾಜಮ್ಮನೇ ಫೋನು ಮಾಡಿದಳು:
"ನಿಂಗಿ ಹಾಲು ನಾಲ್ಕು ಎರಡು.
ಚೀಟಿ ಇಸ್ಕೊಂಡು ಎರಡು ಸಲ ನೋಡುದ್ಲು.
ಮಾತಾಡ್ಲಿಲ್ಲ, ಹೋದ್ಲು."