ಎರಡು ಬಟ್ಟಲು

ಡೋಣಿ ದಂಡಿಯ ಎರಿ ಹೊಲದಾಗ ಕಂಬ, ಕಂಬಕ್ಕೊಂದು ತೋಳು,
ತೋಳಿನ ತುದಿಗೆ ಗಾಜಿನ ಬಟ್ಟಲೆರಡು:
ಒಂದು ಮುಗಿಲ ನೋಡತದ,
ಒಂದು ಬೋರಲು ಬಿದ್ದು ನೆಲ.
ಬಂದ ಬಿಸಿಲೆಷ್ಟು, ಹೊಳ್ಳಿ ಹೋದ ಬಿಸಿಲೆಷ್ಟು,
ಲೆಕ್ಕ ಇಷ್ಟ.

ಹೊತ್ತು ಮೂಡೂದರಾಗ ಗಾಜು ಒರಸೂದು ನನ್ನ ಕೆಲಸ.
ಮ್ಯಾಲಿಂದಕ್ಕ ಇಬ್ಬನಿ, ಕಾಗಿ ಹಿಕ್ಕಿ;
ಕೆಳಗಿಂದಕ್ಕ ಧೂಳು, ಒಂದೊಂದು ದಿನ ಜೇಡನ ಎಳಿ.
ಆಮ್ಯಾಲ ವಹಿಯೊಳಗ ಬರೀತೀನಿ:
ನೂರಕ್ಕ ಹದಿಮೂರು.
ಮಳಿಯಾದ ಮರುದಿನ ಎಂಟು,
ಹಸಿ ಎರಿ ಬಿಸಿಲು ನುಂಗಿ ಸುಮ್ಮನ ಕೂಡತದ,
ಕೈಗಡ ಇಸಗೊಂಡ ಬೀಗರಂಗ.
ಬಿಳಿಜ್ವಾಳ ಬಲಿತಾಗ ಇಪ್ಪತ್ತೊಂದು.
ಆ ವಾರ ಬರೀಲಿಕ್ಕೂ ಹುರುಪು.

ನಮ್ಮಪ್ಪ ಯಮನಪ್ಪ ಸುಣಗಾರ.
ತಾಳಿಕೋಟಿಯೊಳಗ ಅವನ ಕುಂಚ ತಾಗದ ಗ್ವಾಡಿ ಕಡಿಮಿ.
ಸುಣ್ಣ ಸಿಡಿದು ಬಲಗಣ್ಣು ಹೋತು,
ಉಳಿದೊಂದರಿಂದ ನನ್ನ ಬಟ್ಟಲ ನೋಡಲಿಕ್ಕೆ ಬಂದ.
‘ನನ್ನ ಸುಣ್ಣಕ್ಕ ಎಷ್ಟು ಅಂತದ ಇದು?’
ಕೇಳಿ ಬಿಡಲಿಲ್ಲ.
ಮರುದಿನ ಬಕೀಟು ತುಂಬ ಕಲಸಿ ತಂದು
ಕಂಬದ ಬುಡಕ್ಕ ಎರಡು ಕಂಬಳಿ ಅಗಲ ನೆಲ ಬಳದ,
ಅಂಚು ನೆಟ್ಟಗ, ಯಾರದೋ ಮದವಿ ಮನಿ ಅನ್ನೂವಂಗ.

ಮೂವತ್ತೊಂದು.
‘ಇಷ್ಟ ಏನು?’ ಅಂದ, ಮಾರಿ ಸಣ್ಣದು ಮಾಡಿ.
ಬಟ್ಟಲ ಕಂಬಳಿ ಆಚಿಗೂ ನೋಡತದಪ್ಪ,
ಕರೇ ಹೊಲ ಪೂರಾ.

ಮಧ್ಯಾಹ್ನ ವಿಜಯಪುರದಿಂದ ಇನಾಮದಾರ ಸರ್ ಫೋನು:
‘ನೀಲವ್ವ, ನಿಮ್ಮಲ್ಲಿ ಹಿಮಾ ಬಿತ್ತೇನು?’
ಖರೇ ಹೇಳಿದೆ. ಅವರು ನಗಲಿಲ್ಲ.
‘ಕೆರದು ತಗಿ. ನೆಲ ಇದ್ದಂಗ ಇರಬೇಕು.
ಭೂಮಿ ವಾಪಸ್ ಕೊಡೂದು ಕೂದಲೆಳಿಯಷ್ಟು ಕಡಿಮಿ ಆದ್ರೂ
ಆ ಕಾವು ಇಲ್ಲೇ ಉಳೀತದ.
ನಾವು ಹುಡುಕೂದು ಆ ಎಳಿ.
ನೀ ನೋಡಿದ್ರ ಹಗ್ಗ ಕಳಿಸೀದಿ.’

ಕುರಪಿ ಹಿಡದು ಕೆರದೆ.
ಅಪ್ಪ ಬದುವಿನ ಮ್ಯಾಲ ಕುಂತು ನೋಡಿದ,
ಬೀಡಿ ತಗದವ ಹಚ್ಚಲಿಲ್ಲ.

ಸಂಜಿಗೆ ಪಡವಣಕ್ಕ ಬಿದಗಿ ಚಂದ್ರಾಮ.
ಬೆಳ್ಳನ ಗೆರಿ ಒಂದು, ಅದರ ಮಡಿಲಾಗ
ಉಳಿದ ದುಂಡು ಮಸಕ ಮಸಕ.
ಅದು ನಮ್ಮ ನೆಲದ ಬೆಳಕಂತ;
ಇಲ್ಲಿಂದ ಹೊಳ್ಳಿ ಹೋದದ್ದು ಅಲ್ಲಿ ಬಡದು
ಮತ್ತ ನಮ್ಮ ಕಣ್ಣಿಗೇ ಬರತದ.
ಅಪ್ಪಗ ತೋರಿಸಿದೆ.
ಒಕ್ಕಣ್ಣಿಲೆ ಭಾಳ ಹೊತ್ತು ನೋಡಿದ:
‘ಒಂದ ಕೈ ಬಳದಾರ.
ಇನ್ನೊಂದು ಕೈ ಬೇಕಿತ್ತು.’

ಮರುದಿನದ ಬರಹ:
ನೂರಕ್ಕ ಹದಿನಾಕು.
ಷರಾ: ಒಂದು ಹೆಚ್ಚದ.
ಎರಿ ಬಿರುಕಿನ್ಯಾಗ ಇಳಿದ ಸುಣ್ಣ
ಕೆರದ್ರೂ ಬರವಲ್ದು.