ನಾಲ್ಕನೇ ಜ್ವರ

ಮೇಲೂರಿನ ಹುಳುಮನೆಯಲ್ಲಿ ರಾತ್ರಿ ಹನ್ನೊಂದು.
ಅಂಗೈಯಗಲದ ಲಿನಕ್ಸ್ ಯಂತ್ರಕ್ಕೆ
ಹೊಸ ಆವೃತ್ತಿ ಇಳಿಸುತ್ತಿದ್ದೇನೆ.
ಒಳಗಿದ್ದ ಆ್ಯಪುಗಳ ಹೆಸರನ್ನೆಲ್ಲ
ಗೂಡು ಮಾರಿದ ಚೀಟಿಯ ಬೆನ್ನಿಗೆ ಬರೆದಿಟ್ಟೆ:
ತೇವದ ಲೆಕ್ಕ, ಶಿಡ್ಲಘಟ್ಟದ ದರ,
ಅರ್ಧಕ್ಕೆ ನಿಂತ ಒಂದು ಚದುರಂಗ.

ನೂರಕ್ಕೆ ನಲವತ್ತೆರಡಾಗಿ ಗೆರೆ ನಿಂತುಬಿಟ್ಟಿತು.
ಬೆರಳು ಗುಂಡಿಯತ್ತ ಹೋದದ್ದು ಕಂಡು
ಗಂಗುಲಕ್ಕ ಗದರಿದಳು: "ಮುಟ್ಟಬ್ಯಾಡ.
ಜ್ವರಕ್ಕೆ ಕೂತ ಹುಳಕ್ಕೆ
ಸೊಪ್ಪೂ ಹಾಕಬಾರ್ದು, ತಟ್ಟೆಯೂ ಅಲುಗಬಾರ್ದು."

ತಲೆಯೆತ್ತಿ ಕಲ್ಲಾದ ಸಾವಿರ ಹುಳು.
ಕೈಕಟ್ಟಿ ನಾನೂ ಅವುಗಳ ಸಾಲಿಗೆ.

ಬೆಳಗಿನ ಜಾವ ಪರದೆ ಕಣ್ಣುಬಿಟ್ಟಿತು.
ಅಕ್ಷರ ಬೇರೆ, ಬಣ್ಣ ಬೇರೆ.
ತೇವದ ಲೆಕ್ಕ ಇದೆ. ದರ ಇದೆ.
ಚದುರಂಗದಲ್ಲಿ ನನ್ನ ಕುದುರೆ
ಇನ್ನೂ ಅದೇ ಇಕ್ಕಟ್ಟಿನಲ್ಲಿ.

ಪಕ್ಕದ ತಟ್ಟೆಯಲ್ಲಿ
ಹಳೇ ಚರ್ಮ ಹಿಂದೆ ಬಿಟ್ಟು
ಒಂದು ಹುಳು ಆಗಲೇ
ಸೊಪ್ಪು ಹುಡುಕುತ್ತಿತ್ತು.